ಸೆರೆಯಲ್ಲಿ ಕೂತು ಪಾಠ ಮಾಡಿದ ಇಂಗ್ಲಿಷ್ ಮೇಷ್ಟ್ರು: ನಾಗಾಸಾಕಿ, 1848

ಇವತ್ತು ನಾನು ಹೇಳೋ ಕಥೆಯ ನಾಯಕನ ಹೆಸರು ರಾನಲ್ಡ್ ಮ್ಯಾಕ್‌ಡೊನಾಲ್ಡ್. ನಗಬೇಡಿ. ಬರ್ಗರ್ ಅಂಗಡಿ ಮುಂದೆ ಕೆಂಪು ಕೂದಲು ಬಿಟ್ಟುಕೊಂಡು ಬೆಂಚಿನ ಮೇಲೆ ಕೂತಿರ್ತಾನಲ್ಲ, ಅವನಲ್ಲ. ಅವನಿಗಿಂತ ನೂರು ವರ್ಷಕ್ಕೂ ಹಿಂದಿನ ಮನುಷ್ಯ ಇವನು. 1848ರಲ್ಲಿ, 24ನೇ ವಯಸ್ಸಿನಲ್ಲಿ, ಹೊರಗಿನವರಿಗೆ ಬಾಗಿಲು ಹಾಕಿಕೊಂಡಿದ್ದ ಜಪಾನಿಗೆ ತಾನಾಗಿಯೇ ದೋಣಿ ಹತ್ತಿ ಹೋದ. ಅಲ್ಲಿ ಸೆರೆಯಲ್ಲಿ ಕೂತುಕೊಂಡೇ 14 ಜನಕ್ಕೆ ಇಂಗ್ಲಿಷ್ ಪಾಠ ಮಾಡಿದ.

ಮೊದಲೇ ಹೇಳಿಬಿಡ್ತೀನಿ, ನಾನು ಇತಿಹಾಸ ಓದಿದವನಲ್ಲ. ಎಂಟೆಕ್ ಮಾಡಿ, ಪುಣೆಯಲ್ಲಿ ಕೋಡ್ ಬರ್ಕೊಂಡಿರೋನು. ನಮ್ಮ ಟೀಮಿಗೆ ಜಪಾನಿನ ಕ್ಲೈಂಟ್ ಬಂದಾಗ ಕಾಲ್‌ಗಳಲ್ಲಿ ಒಬ್ಬರು ಬ್ರಿಡ್ಜ್ ಎಂಜಿನಿಯರ್ ಇರ್ತಿದ್ರು. ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ದಾಟಿಸೋದೇ ಅವರ ಕೆಲಸ. ಎರಡೂ ಕಡೆಯವರು ತಪ್ಪಾಗಿ ಅರ್ಥ ಮಾಡಿಕೊಂಡರೆ ಬೈಗುಳ ಮಾತ್ರ ಅವರಿಗೆ. ಜಪಾನಿನಲ್ಲಿ ಈ ಕೆಲಸ ಯಾವಾಗ ಶುರುವಾಯ್ತು ಅಂತ ಹುಡುಕ್ತಾ ಹೋದಾಗ ಸಿಕ್ಕವನು ಈ ರಾನಲ್ಡ್.

ಬಾಗಿಲು ಹಾಕಿದ ದೇಶ

1630ರ ದಶಕದಲ್ಲಿ ಜಪಾನಿನ ಶೋಗನ್ ಸರ್ಕಾರ ದೇಶದ ಬಾಗಿಲು ಹಾಕಿತು. ಜಪಾನಿಯರು ಹೊರಗೆ ಹೋಗುವ ಹಾಗಿಲ್ಲ, ಹೋದವರು ವಾಪಸ್ ಬರುವ ಹಾಗಿಲ್ಲ, ಬಂದರೆ ಮರಣದಂಡನೆ. ಯುರೋಪಿನವರ ಪೈಕಿ ಡಚ್ಚರಿಗೆ ಮಾತ್ರ ವ್ಯಾಪಾರ ಮಾಡೋಕೆ ಅವಕಾಶ ಉಳೀತು. ಅವರನ್ನೂ 1641ರಿಂದ ನಾಗಾಸಾಕಿ ಬಂದರಿನ ದೆಜಿಮಾ ಅನ್ನೋ ಕೃತಕ ದ್ವೀಪದಲ್ಲಿ ಕೂರಿಸಿದರು. ದ್ವೀಪ ಅಂದರೆ ದೊಡ್ಡದೇನಲ್ಲ, ಹೆಚ್ಚುಕಡಿಮೆ 120 ಮೀಟರ್ ಉದ್ದ, 75 ಮೀಟರ್ ಅಗಲ. ನಮ್ಮ ಕೆಲವು ಅಪಾರ್ಟ್‌ಮೆಂಟ್ ಕಾಂಪೌಂಡು ಅದಕ್ಕಿಂತ ದೊಡ್ಡದಿರುತ್ತೆ.

ಈ ಡಚ್ಚರ ಜೊತೆ ಮಾತಾಡೋಕೆ ನಾಗಾಸಾಕಿಯಲ್ಲಿ ದುಭಾಷಿಗಳ ಮನೆತನಗಳಿದ್ದವು. ಅಪ್ಪನಿಂದ ಮಗನಿಗೆ ಬರುವ ವೃತ್ತಿ. ಹೊರಗಿನ ಜಗತ್ತಿನ ಸುದ್ದಿ, ವೈದ್ಯ, ವಿಜ್ಞಾನ ಬಹುಮಟ್ಟಿಗೆ ಡಚ್ ಭಾಷೆಯ ಮೂಲಕವೇ ಒಳಗೆ ಬರ್ತಿತ್ತು.

ಇದು ಕೆಟ್ಟಿದ್ದು 1808ರಲ್ಲಿ. ಫೀಟನ್ ಅನ್ನೋ ಬ್ರಿಟಿಷ್ ಯುದ್ಧನೌಕೆ ಡಚ್ ಬಾವುಟ ಹಾರಿಸ್ಕೊಂಡು ನಾಗಾಸಾಕಿಗೆ ನುಗ್ಗಿತು. ತಮ್ಮವರೇ ಬಂದರು ಅಂತ ಎದುರುಗೊಳ್ಳೋಕೆ ಹೋದ ಡಚ್ಚರನ್ನ ಒತ್ತೆ ಇಟ್ಟುಕೊಂಡು, ಊಟ ನೀರು ಕೊಡಿ ಅಂತ ಬೆದರಿಸಿತು. ಬೇಕಾದ್ದನ್ನ ತಗೊಂಡು ಹೊರಟೂ ಹೋಯ್ತು. ಅವಮಾನ ತಾಳಲಾರದೆ ನಾಗಾಸಾಕಿಯ ಮುಖ್ಯ ಅಧಿಕಾರಿ ಆತ್ಮಹತ್ಯೆ ಮಾಡಿಕೊಂಡ. ಆಮೇಲೆ ಸರ್ಕಾರದಿಂದ ದುಭಾಷಿಗಳಿಗೆ ಆಜ್ಞೆ ಬಂತು: ಇಂಗ್ಲಿಷ್ ಕಲಿಯಿರಿ.

ಯಾರಿಂದ ಕಲಿಯೋದು? ದೆಜಿಮಾದಲ್ಲಿ ಬ್ಲೋಮ್‌ಹಾಫ್ ಅನ್ನೋ ಡಚ್ಚನಿಗೆ ಇಂಗ್ಲಿಷ್ ಬರ್ತಿತ್ತು. ಅವನ ಸಹಾಯದಿಂದ 1814ರಲ್ಲಿ ಸುಮಾರು 6,000 ಪದಗಳ ಇಂಗ್ಲಿಷ್-ಜಪಾನಿ ನಿಘಂಟನ್ನೂ ತಯಾರಿಸಿದರು. ಆದರೆ ಅದರಲ್ಲಿದ್ದ ಉಚ್ಚಾರಣೆಯಲ್ಲಿ ಡಚ್ ವಾಸನೆ. ಇಂಗ್ಲಿಷನ್ನ ಮನೆಮಾತಾಗಿ ಆಡುವವನ ಬಾಯಲ್ಲಿ ಅದು ಹೇಗೆ ಕೇಳುತ್ತೆ ಅಂತ ಪರೀಕ್ಷೆ ಮಾಡಿ ನೋಡೋಕೆ ದಾರಿ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಡಾಕ್ಯುಮೆಂಟೇಶನ್ ಇದೆ, ಓಡಿಸಿ ನೋಡೋಕೆ ಸಿಸ್ಟಮ್ ಇಲ್ಲ. ಆ ಸ್ಥಿತಿ ಮುಂದೆ 30 ವರ್ಷದ ಮೇಲೆ ಹಾಗೇ ಇತ್ತು.

ಹುಡುಗ ಎಲ್ಲಿಯವನು?

ಈಗ ಶಾಂತಸಾಗರದ ಆಚೆ ದಡಕ್ಕೆ ಬನ್ನಿ. ಇವತ್ತಿನ ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಕೊಲಂಬಿಯಾ ನದಿ ಸಮುದ್ರ ಸೇರುವ ಜಾಗದಲ್ಲಿ ಅಸ್ಟೋರಿಯಾ ಅಂತ ಊರಿದೆ. 1824ರ ಫೆಬ್ರವರಿಯಲ್ಲಿ ರಾನಲ್ಡ್ ಹುಟ್ಟಿದ್ದು ಅಲ್ಲಿ. ಅಪ್ಪ ಆರ್ಚಿಬಾಲ್ಡ್ ಸ್ಕಾಟ್ಲೆಂಡಿನವರು, ತುಪ್ಪಳದ ವ್ಯಾಪಾರ ಮಾಡ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಅಧಿಕಾರಿ. ತಾಯಿ ಅಲ್ಲಿನ ಮೂಲನಿವಾಸಿ ಚಿನೂಕ್ ಜನರ ಮುಖ್ಯಸ್ಥ ಕಾಮ್‌ಕಾಮ್ಲಿಯ ಮಗಳು. ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ಆ ತಾಯಿ ತೀರಿಕೊಂಡಳು.

ಅವನಿಗೆ 10 ವರ್ಷ ಆಗಿದ್ದಾಗ, 1834ರಲ್ಲಿ, ಆ ಕರಾವಳಿಗೆ ಒಂದು ಮುರುಕು ಹಡಗು ತೇಲಿಕೊಂಡು ಬಂತು. ಜಪಾನಿನ ಸರಕು ಹಡಗು. 1832ರಲ್ಲಿ ಬಿರುಗಾಳಿಗೆ ಸಿಕ್ಕಿ, ಚುಕ್ಕಾಣಿ ಕಳಕೊಂಡು, ಒಂದು ವರ್ಷದ ಮೇಲೆ ಸಾಗರದಲ್ಲಿ ಅಲೆದಿತ್ತು. ಹೊರಟಾಗ 14 ಜನ, ದಡ ಮುಟ್ಟಿದಾಗ ಉಳಿದವರು 3 ಜನ. ಅವರಲ್ಲಿ ಚಿಕ್ಕವನ ಹೆಸರು ಒತೊಕಿಚಿ. ಅಲ್ಲಿನ ಮಕಾ ಬುಡಕಟ್ಟಿನವರ ಕೈಯಲ್ಲಿ ಸೆರೆಯಾಗಿದ್ದ ಈ ಮೂವರನ್ನ ಬಿಡಿಸಿಕೊಂಡದ್ದು ರಾನಲ್ಡನ ಅಪ್ಪ ಕೆಲಸ ಮಾಡ್ತಿದ್ದ ಅದೇ ಕಂಪನಿ.

ಆ ಮೂವರಿಗೆ ಮುಂದೆ ಆಗಿದ್ದನ್ನ ಕೇಳಿದರೆ ಹೊಟ್ಟೆ ಚುರುಕ್ ಅನ್ನುತ್ತೆ. ಅವರನ್ನ ಲಂಡನ್ ಸುತ್ತಿಸಿ ಮಕಾವ್‌ಗೆ ಕರೆತಂದರು. 1837ರಲ್ಲಿ ಮಾರಿಸನ್ ಅನ್ನೋ ಅಮೆರಿಕನ್ ಹಡಗು ಈ ಮೂವರನ್ನೂ, ಇನ್ನೂ ನಾಲ್ಕು ಜಪಾನಿ ನಾವಿಕರನ್ನೂ ಹತ್ತಿಸಿಕೊಂಡು ಜಪಾನಿಗೆ ಹೊರಟಿತು. ಊರು ಕಣ್ಣಿಗೆ ಕಾಣ್ತಿದೆ, ಇನ್ನೇನು ಇಳಿಯಬೇಕು, ದಡದಿಂದ ಫಿರಂಗಿ ಗುಂಡು. ಎರಡು ಕಡೆ ಪ್ರಯತ್ನ ಪಟ್ಟರು, ಎರಡು ಕಡೆಯೂ ಗುಂಡು. ಆ ಏಳು ಜನ ತಮ್ಮ ಊರನ್ನ ಹಡಗಿನ ಮೇಲಿಂದ ನೋಡಿ ಹಾಗೇ ವಾಪಸ್ಸಾದರು. ಆ ಹಡಗಿನಲ್ಲಿ ಸ್ಯಾಮ್ಯುಯೆಲ್ ವೆಲ್ಸ್ ವಿಲಿಯಮ್ಸ್ ಅಂತ ಒಬ್ಬ ಇದ್ದ. ಮುಂದೆ ಈ ನಾವಿಕರ ಹತ್ತಿರ ಕೂತು ಜಪಾನಿ ಭಾಷೆ ಕಲಿತ. ಅವನ ಹೆಸರು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರ್ತಾನೆ.

ತನ್ನವರನ್ನೇ ಒಳಗೆ ಬಿಟ್ಟುಕೊಳ್ಳದ ದೇಶ ಅದು. ರಾನಲ್ಡ್ ಹೋಗಬೇಕು ಅಂತ ಆಸೆ ಪಟ್ಟಿದ್ದು ಅಂಥ ದೇಶಕ್ಕೆ.

ಅವನ ಅಪ್ಪನ ಪ್ಲಾನ್ ಬೇರೆ ಇತ್ತು. ಇವತ್ತಿನ ವಿನಿಪೆಗ್ ಹತ್ತಿರದ ರೆಡ್ ರಿವರ್ ಅಕಾಡೆಮಿಯಲ್ಲಿ ಓದಿಸಿ, ಆಮೇಲೆ ಕೆನಡಾದ ಸೇಂಟ್ ಥಾಮಸ್ ಊರಲ್ಲಿ ಪರಿಚಯದವರ ಬ್ಯಾಂಕಿಗೆ ಕೆಲಸ ಕಲಿಯೋಕೆ ಸೇರಿಸಿದರು. ಸೆಟಲ್ ಆಗು ಮಗನೇ ಅನ್ನೋದು ಎಲ್ಲ ಕಾಲದ ಅಪ್ಪಂದಿರ ಮಾತು. ಹುಡುಗನಿಗೆ ಲೆಕ್ಕದ ಪುಸ್ತಕ ಹಿಡಿಸಲಿಲ್ಲ, ಬಿಟ್ಟು ಸಮುದ್ರಕ್ಕೆ ಹೋದ. ಜಪಾನಿಗೆ ಹೋಗಬೇಕು, ಆ ಜನರನ್ನ ಅರಿಯಬೇಕು, ಸಾಧ್ಯವಾದರೆ ಅವರಿಗೆ ಏನಾದರೂ ಕಲಿಸಬೇಕು ಅನ್ನೋದು ತನ್ನ ಉದ್ದೇಶವಾಗಿತ್ತು ಅಂತ ಮುಂದೆ ಬರೆದ ನೆನಪುಗಳಲ್ಲಿ ಹೇಳ್ತಾನೆ. ತನ್ನ ತಾಯಿಯ ಜನರ ಮೂಲ ಸಾಗರದ ಆ ಕಡೆ ಇರಬಹುದು ಅನ್ನೋ ನಂಬಿಕೆಯೂ ಅವನಿಗಿತ್ತು.

ಬೇಕಂತಲೇ ಮಗುಚಿದ ದೋಣಿ

ಆ ಕಾಲದಲ್ಲಿ ದೀಪದ ಎಣ್ಣೆಗಾಗಿ ತಿಮಿಂಗಿಲ ಬೇಟೆಯಾಡುವ ಅಮೆರಿಕನ್ ಹಡಗುಗಳು ಜಪಾನಿನ ಸುತ್ತಮುತ್ತ ತಿರುಗ್ತಿದ್ದವು. ರಾನಲ್ಡ್ 1845ರಲ್ಲಿ ಅಂಥದ್ದೇ ಪ್ಲಿಮತ್ ಅನ್ನೋ ಹಡಗು ಹತ್ತಿದ. ಕ್ಯಾಪ್ಟನ್ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದ. ಬೇಟೆ ಮುಗಿದು ಹಡಗು ತುಂಬಿದ ಮೇಲೆ ಜಪಾನಿನ ಹತ್ತಿರ ನನ್ನನ್ನ ಒಂದು ಸಣ್ಣ ದೋಣಿಯಲ್ಲಿ ಇಳಿಸಿಬಿಡಿ, ಆ ದೋಣಿ ನನ್ನದು ಅಂತ.

1848ರ ಜೂನ್ ಕೊನೆಯಲ್ಲಿ, ಈಗಿನ ಹೊಕ್ಕೈಡೊದ ಪಶ್ಚಿಮಕ್ಕೆ, ಅವನನ್ನ ಹಾಗೇ ಇಳಿಸಿದರು. ಜೊತೆಯವರು ಬೇಡ ಅಂತ ಹೇಳಿದರೂ ಕೇಳಲಿಲ್ಲ. ಯಾಗಿಶಿರಿ ಅನ್ನೋ ದ್ವೀಪದಲ್ಲಿ ಎರಡು ರಾತ್ರಿ ಕಳೆದ, ಯಾರೂ ಸಿಗಲಿಲ್ಲ. ಆಮೇಲೆ ರಿಶಿರಿ ದ್ವೀಪದ ಕಡೆ ಹೊರಟ. ದಡದಲ್ಲಿ ಜನ ಕಾಣುವ ಹೊತ್ತಿಗೆ ದೋಣಿಯನ್ನ ಬೇಕಂತಲೇ ಮಗುಚಿದ. ತಾನಾಗೇ ಬಂದವನಿಗಿಂತ ಹಡಗು ಒಡೆದು ಕಷ್ಟದಲ್ಲಿ ಬಂದವನ ಮೇಲೆ ಕರುಣೆ ಜಾಸ್ತಿ ಅನ್ನೋ ಲೆಕ್ಕ.

ಅವನನ್ನ ಎತ್ತಿಕೊಂಡವರು ಐನು ಜನ, ಅಂದರೆ ಹೊಕ್ಕೈಡೊದ ಮೂಲನಿವಾಸಿಗಳು. ಬೆಚ್ಚಗೆ ಮಾಡಿ, ಊಟ ಕೊಟ್ಟು, ಆಮೇಲೆ ಜಪಾನಿ ಅಧಿಕಾರಿಗಳಿಗೆ ತಿಳಿಸಿದರು. ಅಲ್ಲಿಂದ ಸೆರೆಯಾಳಿನ ಪ್ರಯಾಣ: ಮೊದಲು ಸೋಯಾ, ಆಮೇಲೆ ಮತ್ಸುಮಾಯೆ, ಅಲ್ಲಿಂದ ಹಡಗಿನಲ್ಲಿ ದೇಶದ ಇನ್ನೊಂದು ತುದಿಯ ನಾಗಾಸಾಕಿಗೆ. ಹೊರಗಿನವರ ವ್ಯವಹಾರವೆಲ್ಲ ನಾಗಾಸಾಕಿಯಲ್ಲೇ ತೀರ್ಮಾನ ಆಗಬೇಕು ಅಂತ ನಿಯಮ. ಅಲ್ಲಿಗೆ ಮುಟ್ಟಿದಾಗ ಅಕ್ಟೋಬರ್.

ವಿಚಾರಣೆಗೆ ಒಳಗೆ ಹೋಗುವ ಮೊದಲು ಅವನ ಕಾಲ ಮುಂದೆ ಒಂದು ಫಲಕ ಇಟ್ಟರು. ಅದರ ಮೇಲೆ ಮೇರಿ ಮತ್ತು ಬಾಲ ಯೇಸುವಿನ ಚಿತ್ರ. ಕ್ರೈಸ್ತ ಧರ್ಮ ಅಲ್ಲಿ ನಿಷಿದ್ಧ. ಚಿತ್ರ ತುಳಿಯದವನು ಕ್ರೈಸ್ತ ಅಂತ ಲೆಕ್ಕ. ರಾನಲ್ಡ್ ಪ್ರಾಟೆಸ್ಟಂಟ್, ಮೂರ್ತಿ ಚಿತ್ರಗಳಲ್ಲಿ ನಂಬಿಕೆ ಇಲ್ಲದವನು. ತುಳಿದು ಒಳಗೆ ಹೋದ.

ಸರಳಿನ ಆಚೆ ಮೇಷ್ಟ್ರು, ಈಚೆ ಶಿಷ್ಯರು

ಅವನನ್ನ ಇಟ್ಟಿದ್ದು ಸೋಫುಕುಜಿ ದೇವಾಲಯಕ್ಕೆ ಸೇರಿದ ದೈಹಿಯಾನ್ ಅನ್ನೋ ಕಡೆ. ಒಂದು ಸಣ್ಣ ಕೋಣೆ, ಮುಂದೆ ಮರದ ಸರಳು, ಹೊರಗೆ ಕಾವಲು. ಮುಂದಿನ ಆರೇಳು ತಿಂಗಳು ಇದೇ ಮನೆ, ಇದೇ ಶಾಲೆ.

ವಿಚಾರಣೆ ನಡೆಸೋಕೆ ಬಂದ ದುಭಾಷಿಗಳಲ್ಲಿ ಮೊರಿಯಾಮಾ ಎಯಿನೊಸುಕೆ ಅಂತ ಒಬ್ಬರಿದ್ದರು. 1820ರಲ್ಲಿ ಹುಟ್ಟಿದವರು, ಅಂದರೆ ಮೇಷ್ಟ್ರಿಗಿಂತ ನಾಲ್ಕು ವರ್ಷ ದೊಡ್ಡವರು. ಡಚ್ ಭಾಷೆಯಲ್ಲಿ ಪಳಗಿದವರು, ಪುಸ್ತಕದಿಂದ ಒಂದಿಷ್ಟು ಇಂಗ್ಲಿಷ್ ಕಲಿತಿದ್ದರು. ಅಷ್ಟು ವರ್ಷ ಕಾಯುತ್ತಿದ್ದದ್ದು ಈಗ ತಾನಾಗೇ ನಡೆದು ಬಂದು ಸರಳಿನ ಹಿಂದೆ ಕೂತಿದೆ. ಬಿಡ್ತಾರಾ? ಮೊರಿಯಾಮಾ ಸೇರಿ ಒಟ್ಟು 14 ದುಭಾಷಿಗಳು ಪಾಠಕ್ಕೆ ಬಂದರು. ಯಾರೂ ಎಳೆ ಹುಡುಗರಲ್ಲ, ಕೆಲಸದಲ್ಲಿದ್ದವರು. ನಮ್ಮ ಕಡೆ ಆಫೀಸು ಮುಗಿಸಿ ಸಂಜೆ ಕೋರ್ಸಿಗೆ ಹೋಗ್ತಾರಲ್ಲ, ಹಾಗೆ.

ಪಾಠದ ಕ್ರಮ ಸರಳವಾಗಿತ್ತು. ಒಬ್ಬೊಬ್ಬರಾಗಿ ಮೇಷ್ಟ್ರ ಮುಂದೆ ಇಂಗ್ಲಿಷ್ ಓದೋದು. ಅವನು ಉಚ್ಚಾರಣೆ ತಿದ್ದೋದು, ಅರ್ಥವನ್ನ ತನಗೆ ಬಂದಷ್ಟು ಜಪಾನಿಯಲ್ಲಿ ವಿವರಿಸೋದು. ವ್ಯಾಕರಣದಲ್ಲಿ ಅವರು ಬಹಳ ಚುರುಕು ಅಂತ ಬರೀತಾನೆ. ಡಚ್ ಬರ್ತಿದ್ದವರಿಗೆ ಇಂಗ್ಲಿಷ್ ವ್ಯಾಕರಣ ದೂರದ ನೆಂಟ. ಕಷ್ಟ ಆಗಿದ್ದು ಬಾಯಿಗೆ. 'ಲ' ಅಂದರೆ 'ರ' ಬರ್ತಿತ್ತು. ವ್ಯಂಜನದಲ್ಲಿ ನಿಲ್ಲುವ ಪದದ ಕೊನೆಗೆ ಒಂದು 'ಇ'ಯೋ 'ಒ'ವೋ ಸೇರ್ತಿತ್ತು. ಇದನ್ನ ಓದಿ ನನಗೆ ನಗು ಬಂತು. ನಾವು ಬಸ್ಸು, ಕಾರು, ಬ್ಯಾಂಕು, ಫೋನು ಅಂತ ಕೊನೆಗೊಂದು 'ಉ' ಅಂಟಿಸ್ತೀವಲ್ಲ, ಅದೇ ಕೆಲಸ. ಸ್ವರದಲ್ಲಿ ನಿಲ್ಲೋದು ಅಭ್ಯಾಸವಾದ ನಾಲಿಗೆಗೆ ವ್ಯಂಜನದ ಮೇಲೆ ನಿಂತರೆ ಏನೋ ಅರ್ಧಕ್ಕೆ ಬಿಟ್ಟ ಹಾಗೆ.

ಇನ್ನೊಂದು ಕಡೆ ಮೇಷ್ಟ್ರೂ ವಿದ್ಯಾರ್ಥಿಯೇ. ಕೇಳಿದ ಜಪಾನಿ ಪದಗಳನ್ನ ಕೇಳಿದ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟುಕೊಳ್ತಾ ಹೋದ. ಆ ಪದಪಟ್ಟಿ ಉಳಿದಿದೆ. ಪಂಡಿತರ ಭಾಷೆಯಲ್ಲ ಅದು, ಕಾವಲುಗಾರರು, ಊಟ ತರುವವರು, ದುಭಾಷಿಗಳು ಎದುರಿಗೆ ಆಡಿದ ಮಾತು. ನಾಗಾಸಾಕಿಯ ಆಡುನುಡಿಯ ರೂಪಗಳೂ ಅದರಲ್ಲಿ ಸೇರಿವೆ.

ಪರವೂರಲ್ಲಿ ನೆಲೆಯಾಗೋದು ಅಂದರೆ ಏನು ಅನ್ನೋದಕ್ಕೆ ನನಗೆ ಈ ಪಟ್ಟಿಗಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ. ಅವನಿಗೆ ಬಾಡಿಗೆ ಕರಾರಿಲ್ಲ, ಸಂಬಳವಿಲ್ಲ, ಹೊರಗೆ ಕಾಲಿಡೋ ಹಾಗಿಲ್ಲ. ಆದರೂ ದಿನಾ ಅವನಿಂದ ಏನೋ ಕಲಿಯೋಕೆ ಜನ ಬರ್ತಿದ್ದರು, ಅವನೂ ಅವರಿಂದ ದಿನಕ್ಕೆ ನಾಲ್ಕು ಪದ ಕೇಳಿ ಬರ್ಕೊಳ್ತಿದ್ದ.

ಅದೇ ಊರು, ಇನ್ನೂ 15 ಜನ

ಇಷ್ಟೇ ಹೇಳಿ ಬಿಟ್ಟರೆ ಕಥೆ ತುಂಬ ಸಿಹಿಯಾಗುತ್ತೆ. ಅದೇ ಸಮಯದಲ್ಲಿ ನಾಗಾಸಾಕಿಯಲ್ಲಿ ಇನ್ನೊಂದು ಗುಂಪು ಸೆರೆಯಲ್ಲಿತ್ತು. ಲಗೋಡಾ ಅನ್ನೋ ಅಮೆರಿಕನ್ ತಿಮಿಂಗಿಲ ಬೇಟೆ ಹಡಗಿನಿಂದ 1848ರ ಜೂನ್‌ನಲ್ಲೇ ತಪ್ಪಿಸಿಕೊಂಡು ಬಂದ 15 ನಾವಿಕರು. ಹಡಗಿನ ಕಷ್ಟ ತಾಳದೆ ದಡ ಸೇರಿದವರು. ಅವರು ಮತ್ತೆ ಮತ್ತೆ ಸೆರೆಯಿಂದ ಓಡಿಹೋಗೋಕೆ ನೋಡಿದರು, ಪ್ರತಿ ಸಲ ಸಿಕ್ಕಿಬಿದ್ದರು, ಪ್ರತಿ ಸಲ ಕಟ್ಟು ಬಿಗಿಯಾಯ್ತು. ಒಬ್ಬ ನೇಣು ಹಾಕಿಕೊಂಡ, ಇನ್ನೊಬ್ಬ ಸತ್ತ. ಉಳಿದವರು 13 ಜನ.

ಜಪಾನಿಯರು ಹೊರಗಿನವರಿಗೆ ಒಳ್ಳೆಯವರಾಗಿದ್ದರಾ, ಕ್ರೂರಿಗಳಾಗಿದ್ದರಾ ಅಂತ ಯಾರಾದರೂ ಕೇಳಿದರೆ, ಯಾರನ್ನ ಕೇಳ್ತೀರಿ ಅನ್ನೋದರ ಮೇಲೆ ಉತ್ತರ. ರಾನಲ್ಡನಿಗೆ ಸಿಕ್ಕ ಮರ್ಯಾದೆಯಲ್ಲಿ ಲೆಕ್ಕಾಚಾರವೂ ಇತ್ತು, ಅವನು ಅವರಿಗೆ ಬೇಕಾಗಿದ್ದ. ಲಗೋಡಾದವರು ಯಾರಿಗೂ ಬೇಕಾಗಿರಲಿಲ್ಲ. ಅವರಿಗೂ ಇಂಗ್ಲಿಷ್ ಬರ್ತಿತ್ತು. ಆದರೆ ಅವರ ಕಣ್ಣು ಸದಾ ಗೋಡೆ ಹಾರೋದರ ಮೇಲೆ, ಕಾವಲಿನವರ ಕಣ್ಣು ಅವರ ಮೇಲೆ. ನಡುವೆ ಮಾತಿಗೆ ಜಾಗ ಇರಲಿಲ್ಲ. ಓಡಿಹೋಗೋಕೆ ನೋಡಿದ್ದು ಅವರ ತಪ್ಪು ಅಂತ ನಾನು ಹೇಳಲ್ಲ. ಪಂಜರದಲ್ಲಿ ಹಾಕಿದರೆ ಯಾರಾದರೂ ಓಡೋಕೆ ನೋಡ್ತಾರೆ. ರಾನಲ್ಡ್ ಮಾತ್ರ ಅಲ್ಲಿಗೆ ಬರಬೇಕು ಅಂತಲೇ ಬಂದವನು. ವ್ಯತ್ಯಾಸ ಮೊದಲ ದಿನದಿಂದಲೇ ಇತ್ತು.

1849ರ ಏಪ್ರಿಲ್‌ನಲ್ಲಿ ಪ್ರೆಬಲ್ ಅನ್ನೋ ಅಮೆರಿಕನ್ ಯುದ್ಧನೌಕೆ ಈ ಸೆರೆಯಾಳುಗಳನ್ನ ಬಿಡಿಸೋಕೆ ನಾಗಾಸಾಕಿಗೆ ಬಂತು. ಅದರ ನಾಯಕ ಜೇಮ್ಸ್ ಗ್ಲಿನ್ ಎಷ್ಟು ದೊಡ್ಡ ಅಧಿಕಾರಿ ಅಂತ ತಿಳ್ಕೊಳ್ಳೋಕೆ ಜಪಾನಿಯರು ರಾನಲ್ಡನನ್ನೇ ಕೇಳಿದರು: ನಿಮ್ಮ ದೇಶದಲ್ಲಿ ಎಲ್ಲರಿಗಿಂತ ಮೇಲೆ ಇರೋರು ಯಾರು, ಅಲ್ಲಿಂದ ಕೆಳಗೆ ಎಣಿಸ್ತಾ ಬಾ. ರಾನಲ್ಡ್ ಮೊದಲು ಹೇಳಿದ್ದು 'ಜನರು' ಅಂತ. ಅವರಿಗೆ ಅರ್ಥವಾಗಲಿಲ್ಲ. ಜನ ಅಂದರೆ ಎಲ್ಲಕ್ಕಿಂತ ಕೆಳಗೆ ಅಲ್ಲವಾ? ಪದದ ಅರ್ಥ ಗೊತ್ತಿದ್ದರೂ ವಾಕ್ಯ ದಾಟಲಿಲ್ಲ. ದುಭಾಷಿ ಕೆಲಸದ ಕಷ್ಟ ಇದೇ ನೋಡಿ.

ಗ್ಲಿನ್ ಮತ್ತು ನಾಗಾಸಾಕಿ ಅಧಿಕಾರಿಗಳ ನಡುವೆ ಮಾತು ದಾಟಿಸಿದ್ದು ಮೊರಿಯಾಮಾ. ಕೆಲವೇ ದಿನಗಳಲ್ಲಿ 13 ನಾವಿಕರ ಜೊತೆ ಮೇಷ್ಟ್ರೂ ಹಡಗು ಹತ್ತಿದ. ಕ್ಲಾಸು ಮುಗೀತು.

ಐದು ವರ್ಷದ ನಂತರ ಒಂದು ಪ್ರಶ್ನೆ

1853ರ ಜುಲೈನಲ್ಲಿ ಅಮೆರಿಕದ ಕಮೊಡೋರ್ ಪೆರಿ ಕಪ್ಪು ಹಡಗುಗಳ ಜೊತೆ ಎಡೋ ಕೊಲ್ಲಿಗೆ ಬಂದದ್ದು, ಬಾಗಿಲು ತೆಗೀರಿ ಅಂತ ಒತ್ತಾಯ ಮಾಡಿದ್ದು ಶಾಲೆಯ ಪುಸ್ತಕದಲ್ಲಿ ನೀವು ಓದಿರ್ತೀರಿ. ಆ ಸಲ ಎರಡು ಕಡೆಯವರ ಮಾತು ನಡೆದದ್ದು ಡಚ್ ಭಾಷೆಯ ಮೂಲಕ. ಪೆರಿ 1854ರಲ್ಲಿ ಮತ್ತೆ ಬಂದಾಗ ಜಪಾನಿನ ಕಡೆಯಿಂದ ಮುಖ್ಯ ದುಭಾಷಿಯಾಗಿ ಬಂದವರು ನಮ್ಮ ಮೊರಿಯಾಮಾ.

ಪೆರಿಯ ಕಡೆ ದುಭಾಷಿಯಾಗಿದ್ದವನು ಆಗಲೇ ನೆನಪಿಟ್ಟುಕೊಳ್ಳಿ ಅಂದಿದ್ದ ವೆಲ್ಸ್ ವಿಲಿಯಮ್ಸ್. 1837ರಲ್ಲಿ ಮಾರಿಸನ್ ಹಡಗಿನ ಮೇಲೆ ಗುಂಡೇಟು ಕಂಡವನು. ಅವನು ತನ್ನ ದಿನಚರಿಯಲ್ಲಿ ಮೊರಿಯಾಮಾ ಬಗ್ಗೆ ಬರೆದಿದ್ದಾನೆ. ಈ ಹೊಸ ದುಭಾಷಿಯ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಅಂದರೆ ಬೇರೆ ದುಭಾಷಿಯೇ ಬೇಕಾಗಲ್ಲ ಅಂತ. ಜೊತೆಗೆ ಇನ್ನೊಂದು ಮಾತು. ಮೊರಿಯಾಮಾ ಪ್ರೆಬಲ್ ಹಡಗಿನವರ ಕ್ಷೇಮ ವಿಚಾರಿಸಿದರಂತೆ, ಆಮೇಲೆ ಮ್ಯಾಕ್‌ಡೊನಾಲ್ಡ್ ಹೇಗಿದ್ದಾನೆ, ನಿಮಗೇನಾದರೂ ಅವನ ಪರಿಚಯ ಇದೆಯಾ ಅಂತ ಕೇಳಿದರಂತೆ.

ಬಂದರಿನಲ್ಲಿ ಫಿರಂಗಿ ಹೊತ್ತ ಹಡಗುಗಳು, ದೇಶದ ಎರಡು ಶತಮಾನದ ನಿಯಮ ಮುರಿಯೋ ಹೊತ್ತು. ಮಾತು ಒಂಚೂರು ತಪ್ಪಿದರೂ ತಲೆದಂಡ. ಅಂಥ ಹೊತ್ತಿನಲ್ಲೂ ಈ ಮನುಷ್ಯನಿಗೆ ನೆನಪಾದದ್ದು ಸರಳಿನ ಹಿಂದೆ ಕೂತು 'ಲ' ಹೇಳಿಕೊಟ್ಟ ಹುಡುಗ. ರಾನಲ್ಡ್ ಅಲ್ಲಿ ನೆಲೆಯಾಗಿದ್ದನೋ ಇಲ್ಲವೋ ಅಂತ ನಿರ್ಧಾರ ಮಾಡೋಕೆ ನನಗೆ ಈ ಒಂದು ಪ್ರಶ್ನೆ ಸಾಕು.

1854ರ ಮಾರ್ಚ್ 31ರಂದು ಕನಗಾವಾ ಒಪ್ಪಂದಕ್ಕೆ ಸಹಿ ಬಿತ್ತು. ಅದು ಇಂಗ್ಲಿಷ್, ಜಪಾನಿ, ಡಚ್, ಚೀನಿ ನಾಲ್ಕು ಭಾಷೆಗಳಲ್ಲಿತ್ತು. ಒಂದು ಕಲಮಿನಲ್ಲಿ, ಅಮೆರಿಕದ ಪ್ರತಿನಿಧಿ ಬಂದು ನೆಲೆಸೋದಕ್ಕೆ 'ಎರಡರಲ್ಲಿ ಯಾವುದಾದರೂ ಒಂದು ಸರ್ಕಾರ' ಬೇಕು ಅಂದರೆ ಸಾಕು ಅಂತ ಇಂಗ್ಲಿಷ್ ಪಠ್ಯ ಹೇಳಿತು, 'ಎರಡೂ ಸರ್ಕಾರ' ಒಪ್ಪಬೇಕು ಅಂತ ಜಪಾನಿ ಪಠ್ಯ ಹೇಳಿತು. 1856ರಲ್ಲಿ ಟೌನ್‌ಸೆಂಡ್ ಹ್ಯಾರಿಸ್ ಬಂದು ಇಳಿದಾಗ ಜಪಾನಿನವರಿಗೆ ಆಶ್ಚರ್ಯ, ನಿಮ್ಮನ್ನ ಕರೆದವರು ಯಾರು ಅಂತ. ಕೋಡಿನಲ್ಲಿ 'ಆರ್' ಇರಬೇಕಾದ ಕಡೆ 'ಆಂಡ್' ಬರೆದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆರೇಳು ತಿಂಗಳ ಒಂದು ಕ್ಲಾಸಿನಿಂದ ಇಡೀ ದೇಶಕ್ಕೆ ಇಂಗ್ಲಿಷ್ ಬಂದುಬಿಡಲಿಲ್ಲ. ಹ್ಯಾರಿಸ್ ಕೂಡ ಹ್ಯೂಸ್ಕನ್ ಅನ್ನೋ ಡಚ್ ಬಲ್ಲ ಕಾರ್ಯದರ್ಶಿಯನ್ನ ಕರ್ಕೊಂಡೇ ಬಂದಿದ್ದ.

ಬೆಳಗ್ಗೆ ಹೋದರೆ ನೆಂಟರು, ಸಂಜೆ ಹೋದರೆ ಕೆಲಸ

ಇನ್ನೊಬ್ಬರ ಕಥೆ ಇಲ್ಲಿ ಸೇರುತ್ತೆ. 2024ರವರೆಗೆ ಜಪಾನಿನ 10,000 ಯೆನ್ ನೋಟಿನ ಮೇಲೆ ಮುಖ ಇತ್ತಲ್ಲ, ಫುಕುಝಾವಾ ಯುಕಿಚಿ, ಕೇಯೊ ವಿಶ್ವವಿದ್ಯಾಲಯ ಕಟ್ಟಿದವರು. ಒಸಾಕಾದಲ್ಲಿ ವರ್ಷಗಟ್ಟಲೆ ಹಗಲುರಾತ್ರಿ ಕೂತು ಡಚ್ ಕಲಿತಿದ್ದರು. 1859ರಲ್ಲಿ ಹೊಸದಾಗಿ ತೆರೆದ ಯೊಕೊಹಾಮಾ ಬಂದರು ನೋಡೋಕೆ ಹೋದರು. ಅಲ್ಲಿ ವಿದೇಶಿ ಅಂಗಡಿಗಳ ಒಂದು ಬೋರ್ಡೂ ಓದೋಕೆ ಆಗಲಿಲ್ಲ, ತಮ್ಮ ಡಚ್ ಮಾತು ಯಾರಿಗೂ ತಿಳಿಯಲಿಲ್ಲ. ಎಲ್ಲ ಇಂಗ್ಲಿಷ್. ಹತ್ತು ವರ್ಷ ಪಳಗಿದ ಟೆಕ್ನಾಲಜಿಯನ್ನ ಕಂಪನಿ ಒಂದೇ ಮೀಟಿಂಗಿನಲ್ಲಿ ಕೈಬಿಟ್ಟರೆ ನಮಗೆ ಹೇಗಾಗುತ್ತೋ ಹಾಗೆ.

ಮನೆಗೆ ಬಂದು ಬೇಜಾರು ಮಾಡಿಕೊಂಡು, ಮಾರನೇ ದಿನವೇ ಇಂಗ್ಲಿಷ್ ಕಲಿಯೋದು ಅಂತ ತೀರ್ಮಾನಿಸಿದರು. ಕಲಿಸೋರು ಯಾರು ಅಂತ ಹುಡುಕಿದರೆ ಎಡೋ ನಗರದಲ್ಲಿ ಸಿಕ್ಕ ಹೆಸರು ಮೊರಿಯಾಮಾ. ಮೊರಿಯಾಮಾ ಒಪ್ಪಿದರು, ಆದರೆ ಒಪ್ಪಂದಗಳ ಕೆಲಸದಲ್ಲಿ ಅವರಿಗೆ ಪುರುಸೊತ್ತೇ ಇಲ್ಲ. ಬೆಳಗ್ಗೆ ಹೋದರೆ ಮನೆ ತುಂಬ ಜನ, ಸಂಜೆ ಹೋದರೆ ಕರೆ ಬಂದಿದೆ ಅಂತ ಹೊರಗೆ. ತಿಂಗಳುಗಟ್ಟಲೆ ದೂರದ ದಾರಿ ನಡೆದು ಹೋಗಿ ಬಂದರೂ ಪಾಠ ಆದದ್ದು ಅಷ್ಟಕ್ಕಷ್ಟೆ. ಕೊನೆಗೆ ನಿಘಂಟು ಹಿಡಿದು ತಾವೇ ಕಲಿತು, 1860ರಲ್ಲಿ ಅಮೆರಿಕಕ್ಕೂ ಹೋಗಿ ಬಂದರು.

11 ವರ್ಷದ ಹಿಂದೆ ನಾಗಾಸಾಕಿಯ ಸರಳಿನ ಮುಂದೆ ಕೂತು ಓದಿದವರ ಮನೆ ಬಾಗಿಲಲ್ಲಿ, ಮುಂದೆ ಒಂದು ತಲೆಮಾರಿಗೇ ಪಾಠ ಹೇಳಲಿದ್ದವರು ಕಾದು ನಿಂತಿದ್ದರು. ಮೊರಿಯಾಮಾ 1862ರಲ್ಲಿ ಜಪಾನಿನ ನಿಯೋಗದ ಜೊತೆ ಯುರೋಪಿಗೂ ಹೋದರು, 1871ರಲ್ಲಿ ತೀರಿಕೊಂಡರು.

ಮೇಷ್ಟ್ರು ಏನಾದ?

ರಾನಲ್ಡನಿಗೆ ಇದ್ಯಾವುದರಿಂದಲೂ ಕೆಲಸವೋ ಪಿಂಚಣಿಯೋ ಬರಲಿಲ್ಲ. ಆಸ್ಟ್ರೇಲಿಯಾದ ಚಿನ್ನದ ಗಣಿಗಳ ಕಡೆ ಹೋಗಿ, 1850ರ ದಶಕದಲ್ಲಿ ಬ್ರಿಟಿಷ್ ಕೊಲಂಬಿಯಾಗೆ ಬಂದು, ಅಲ್ಲೂ ಚಿನ್ನದ ಹಿಂದೆ ಹೋದವರ ನಡುವೆ ಬೇರೆ ಬೇರೆ ಕೆಲಸ ಮಾಡಿಕೊಂಡಿದ್ದ. ತನ್ನ ನೆನಪುಗಳನ್ನ ಬರೆದು ಅಚ್ಚು ಹಾಕಿಸೋಕೆ ವರ್ಷಗಟ್ಟಲೆ ಪ್ರಯತ್ನಪಟ್ಟ, ಬದುಕಿರುವಾಗ ಆಗಲಿಲ್ಲ. ಪುಸ್ತಕ ಬಂದದ್ದು 1923ರಲ್ಲಿ, ಸತ್ತು 29 ವರ್ಷದ ಮೇಲೆ. ಜಪಾನಿಗೆ ಮತ್ತೆ ಯಾವತ್ತೂ ಹೋಗಲಿಲ್ಲ. 1894ರ ಆಗಸ್ಟ್‌ನಲ್ಲಿ, ಈಗಿನ ವಾಷಿಂಗ್ಟನ್ ರಾಜ್ಯದ ಒಂದು ಹಳ್ಳಿಯಲ್ಲಿ, ಬಂಧುಗಳ ಮನೆಯಲ್ಲಿ ಪ್ರಾಣಬಿಟ್ಟ. ಅವನು ಕೊನೆಯದಾಗಿ ಆಡಿದ ಮಾತು 'ಸಯೊನಾರಾ' ಅಂತ ಹತ್ತಿರ ಇದ್ದವರು ಹೇಳಿದ್ದಾರೆ. ಆ ಪದ ಕಲಿತು 45 ವರ್ಷ ಕಳೆದಿತ್ತು.

1894 ಅಂದ ತಕ್ಷಣ ನಮ್ಮಲ್ಲಿ ಕೆಲವರಿಗೆ ಇನ್ನೊಂದು ನೆನಪಾಗಿರಬೇಕು. ಅದೇ ವರ್ಷ ಮಂಗಳೂರಿನಲ್ಲಿ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಜರ್ಮನಿಯಿಂದ 1853ರಲ್ಲಿ ಬಂದಾಗ ಕಿಟ್ಟೆಲ್‌ಗೆ 21 ವರ್ಷ. ರಾನಲ್ಡ್ ಬರೆದಿಟ್ಟದ್ದು ಒಂದು ಸಣ್ಣ ಪಟ್ಟಿ, ಕಿಟ್ಟೆಲ್ ಕೊಟ್ಟದ್ದು ಸುಮಾರು 70,000 ಪದ. ಹೋಲಿಕೆ ಗಾತ್ರದಲ್ಲಿಲ್ಲ. ಇಬ್ಬರೂ ಎಳೆ ವಯಸ್ಸಿನಲ್ಲಿ ಪರದೇಶಕ್ಕೆ ಹೋಗಿ, ಕಲಿಸೋಕೆ ಅಂತ ಬಾಯಿ ತೆರೆದವರು ಕಿವಿಯನ್ನೂ ತೆರೆದಿಟ್ಟುಕೊಂಡರು.

ನಾವು ಪುಣೆಗೋ ಹೈದರಾಬಾದಿಗೋ ಚೆನ್ನೈಗೋ ಬಂದವರು ಯಾವ ಸರಳಿನ ಹಿಂದೆಯೂ ಇಲ್ಲ. ಆದರೆ ಆಫೀಸಿಗೆ ಇಂಗ್ಲಿಷ್, ಆಟೋಗೆ ಹಿಂದಿ, ಮನೆಗೆ ಕನ್ನಡ ಅಂತ ಹಂಚಿಕೊಂಡು, ಊರಿನ ಭಾಷೆಯನ್ನ ಮುಟ್ಟದೇ ಹತ್ತು ವರ್ಷ ಕಳೆದವರು ನಮ್ಮ ಸೊಸೈಟಿಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಬೆಂಗಳೂರಿನಲ್ಲಿ ಬಂದವರು ಕನ್ನಡ ಕಲಿಯಲ್ಲ ಅಂತ ಜಗಳ ಆದಾಗ ಅವರ ರಕ್ತವೂ ಕುದಿಯುತ್ತೆ. ನಾನು ಯಾರಿಗೂ ಬುದ್ಧಿ ಹೇಳ್ತಿಲ್ಲ. ಕೆಲಸದ ಒತ್ತಡ, ಎರಡು ವರ್ಷಕ್ಕೊಂದು ಊರು, ಎಲ್ಲ ಗೊತ್ತು. ಆದರೆ ರಾನಲ್ಡನ ಹತ್ತಿರ ಇದ್ದದ್ದು ಆರೇಳು ತಿಂಗಳು ಮತ್ತು ಒಂದು ಸಣ್ಣ ಕೋಣೆ.

ನಮ್ಮಿಂದ ಒಂದಿಷ್ಟು ಕನ್ನಡ ಕಲಿತ ಪಕ್ಕದ ಮನೆಯವರು, ನಮಗೆ ಒಂದಿಷ್ಟು ಮರಾಠಿ ಕಲಿಸಿದ ತರಕಾರಿ ಅಂಗಡಿಯವರು, ನಾವು ಊರು ಬಿಟ್ಟು ಐದು ವರ್ಷದ ಮೇಲೆ ಯಾರನ್ನಾದರೂ ನಿಲ್ಲಿಸಿ ಅವರು ಹೇಗಿದ್ದಾರೆ ಅಂತ ಕೇಳಿದರೆ, ಆ ಊರಲ್ಲಿ ನಾವು ಇದ್ದೆವು ಅಂತ ಅರ್ಥ.

ಮುಂದಿನ ವಾರ ಇನ್ನೊಂದು ಕಥೆ ಹಿಡ್ಕೊಂಡು ಬರ್ತೀನಿ. ಅಲ್ಲಿವರೆಗೆ ನಮಸ್ಕಾರ.